ಆಮೇಲೆ ನೋಡೋಣ ಎಂದವರ ಆಮೇಲಿನ ಕತೆ

ಆಗಸ್ಟ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಎರಡು ಭಾಷಣ ಗ್ಯಾರಂಟಿ. 15ಕ್ಕೆ ಧ್ವಜಾರೋಹಣದ್ದು, 20ಕ್ಕೆ ದೇವರಾಜ ಅರಸು ಜಯಂತಿಯದ್ದು. ನಡುವೆ ಐದೇ ದಿನ. ಮೊದಲ ಭಾಷಣದಲ್ಲಿ ಸ್ವಾತಂತ್ರ್ಯ ಹೋರಾಟಗಾರರೆಲ್ಲ ಒಂದೇ ತಾಯಿಯ ಮಕ್ಕಳು. ಎರಡನೆಯದರಲ್ಲಿ ಒಬ್ಬ ನಾಯಕನನ್ನು ಇನ್ನೊಬ್ಬರು ಹೇಗೆ ಮೂಲೆಗೆ ತಳ್ಳಿದರು, ಯಾರು ಯಾರಿಗೆ ಕೈಕೊಟ್ಟರು ಎಂಬ ಲೆಕ್ಕ. ಮೊದಲನೆಯದರ ಅಣ್ಣತಮ್ಮಂದಿರು ಎರಡನೆಯದರ ದಾಯಾದಿಗಳಾದದ್ದು ಹೇಗೆ ಎಂದು ಯಾವ ವೇದಿಕೆಯೂ ಹೇಳುವುದಿಲ್ಲ. ಮಕ್ಕಳಿಗೆ ಲಾಡು ಹಂಚಿ ಶಾಮಿಯಾನ ಬಿಚ್ಚುತ್ತಾರೆ.

ಹೇಳದೆ ಬಿಟ್ಟ ಜಾಗದಲ್ಲಿ ಊಹೆ ಬೆಳೆದಿದೆ. ಜಗಲಿಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ ಆಗಾಗ ಕೇಳಿಬರುವ ಅಂಥ ಒಂಬತ್ತು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಹೋರಾಟ ಇದ್ದದ್ದು ಪರದೇಶದವರ ಮೇಲೆ. ಅವರು ಹೋದ ಮೇಲೆ ನಮ್ಮವರು ನಮ್ಮವರ ಮೇಲೆ ಬಿದ್ದರು.

ವಾಸ್ತವ: ಮೈಸೂರು ಸೀಮೆಯಲ್ಲಿ ಹೋರಾಟ ಮೊದಲಿನಿಂದಲೂ ನಮ್ಮವರು ಮತ್ತು ನಮ್ಮವರ ನಡುವಿನದೇ. ಬೆಳಗಾವಿ, ಧಾರವಾಡದವರಿಗೆ ಎದುರಿಗಿದ್ದವನು ಬ್ರಿಟಿಷ್ ಕಲೆಕ್ಟರ್. ಇಲ್ಲಿ ಎದುರಿಗಿದ್ದದ್ದು ಮಹಾರಾಜರ ಸರ್ಕಾರ. ಸಿಂಹಾಸನದ ಮೇಲೆ ಕೂತವರು ಕನ್ನಡದವರು, ದಸರಾ ದಿನ ಜನ ಕೈಮುಗಿಯುತ್ತಿದ್ದವರು. 1924ರ ಕಾವೇರಿ ಪ್ರವಾಹದಲ್ಲಿ ಎಡತೊರೆ ಮುಳುಗಿದ ಮೇಲೆ ಕಟ್ಟಿದ ಹೊಸ ಊರಿಗೆ ಇಟ್ಟ ಹೆಸರೇ ಕೃಷ್ಣರಾಜನಗರ. ದೊರೆಯ ಮೇಲೆ ದ್ವೇಷವಿರಲಿಲ್ಲ. ಆಳುವ ಅಧಿಕಾರ ದಿವಾನರ ಕೈಯಿಂದ ಜನ ಆರಿಸಿದ ಮಂತ್ರಿಗಳ ಕೈಗೆ ಬರಬೇಕು ಎಂಬುದಷ್ಟೇ ಬೇಡಿಕೆ. ಅದಕ್ಕೆ ‘ಜವಾಬ್ದಾರಿ ಸರ್ಕಾರ’ ಎಂದು ಹೆಸರು.

ಆದ್ದರಿಂದಲೇ 1947ರ ಆಗಸ್ಟ್ 15ಕ್ಕೆ ಇಲ್ಲಿ ಹೋರಾಟ ಮುಗಿಯಲಿಲ್ಲ. ಇಲ್ಲಿನ ಕೊನೆಯ ಹೋರಾಟ ಶುರುವಾದದ್ದೇ ಅದಾದ ಹದಿನೇಳು ದಿನಕ್ಕೆ. ಕೆ.ಸಿ. ರೆಡ್ಡಿಯವರ ಮುಂದಾಳತ್ವದಲ್ಲಿ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’, ಅರಮನೆ ಸತ್ಯಾಗ್ರಹ. ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಮೇಲೆ ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು. ಆ ತಿಂಗಳು ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಇವತ್ತಿಗೂ ನಗರದ ಒಂದು ವೃತ್ತಕ್ಕಿದೆ. ಕೆಂಪುಕೋಟೆಯ ಮೇಲೆ ತ್ರಿವರ್ಣ ಹಾರಿ ತಿಂಗಳಾಗಿತ್ತು. ಗುಂಡು ಹಾರಿದ್ದು ಮೈಸೂರು ಸರ್ಕಾರದ ಕಡೆಯಿಂದಲೇ. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ 25ರಂದು ರೆಡ್ಡಿಯವರ ಮಂತ್ರಿಮಂಡಲ ಬಂತು.

ನಮ್ಮವರನ್ನೇ ಎದುರಿಸಿ ಗೆದ್ದವರಿಗೆ, ನಾಳೆ ನಮ್ಮವರೊಬ್ಬರನ್ನು ಎದುರಿಸುವುದು ಹೊಸ ವಿದ್ಯೆಯೇನಲ್ಲ.

2. ತಪ್ಪು ಕಲ್ಪನೆ: ಕುರ್ಚಿ ಸಿಗುವ ತನಕ ಎಲ್ಲರೂ ಒಂದಾಗಿದ್ದರು. ಒಡಕು ತಂದದ್ದು ಕುರ್ಚಿ.

ವಾಸ್ತವ: ಒಡಕು ಕುರ್ಚಿಗಿಂತ ಮೂವತ್ತು ವರ್ಷ ಹಳೆಯದು. ಸರ್ಕಾರಿ ನೌಕರಿಯೆಲ್ಲ ಬ್ರಾಹ್ಮಣರ ಪಾಲಾಗುತ್ತಿದೆ ಎಂದು ಉಳಿದ ಜಾತಿಗಳ ಮುಂದಾಳುಗಳು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಮೀಸಲಿಡುವ ಆ ದಾರಿಯನ್ನು ಒಪ್ಪದೆ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಆ ಹೊತ್ತಿನಲ್ಲಿ ಹಿಂದುಳಿದವರ ಪಾಲಿಗೆ ಅರಮನೆ ಆಸರೆ. ಪಟ್ಟಣದ ವಕೀಲರು, ಪತ್ರಕರ್ತರು ತುಂಬಿದ್ದ ಕಾಂಗ್ರೆಸ್ಸು ಅನುಮಾನದ ವಸ್ತು.

ಮುಂದೆ ಪ್ರಜಾಪಕ್ಷ ಹುಟ್ಟಿತು. 1934ರಲ್ಲಿ ಮಂಡಳಿಯೂ ಪಕ್ಷವೂ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು. 1937ರಲ್ಲಿ ಅದು ಕಾಂಗ್ರೆಸ್ಸಿನೊಳಗೆ ಬಂದು ಸೇರಿತು. ಹಳ್ಳಿಯ ಗೌಡರು, ಪಟೇಲರು, ಸಾಹುಕಾರರು ಖಾದಿ ತೊಟ್ಟದ್ದು ಇದರ ಮೇಲೆ. ಮರುವರ್ಷ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಪಕ್ಕದ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹಳ್ಳಿಗಳಿಂದ ಜನ ನುಗ್ಗಿ ಬಂದದ್ದರಲ್ಲಿ ಈ ಕೂಡಿಕೆಯ ಪಾಲು ದೊಡ್ಡದು. ಮುಂದೆ ಮೊದಲ ಮುಖ್ಯಮಂತ್ರಿಯಾದ ರೆಡ್ಡಿಯವರೂ ಪ್ರಜಾಪಕ್ಷದ ಕಡೆಯಿಂದ ಬಂದವರು.

ಕೂಡಿದರು, ನಿಜ. ಆದರೆ ಯಾವ ಪ್ರಶ್ನೆಗೆ ಬೇರೆಯಾಗಿದ್ದರೋ ಅದನ್ನು ಬಗೆಹರಿಸಿಕೊಂಡು ಕೂಡಲಿಲ್ಲ. ನೌಕರಿಯಲ್ಲಿ ಯಾರಿಗೆ ಎಷ್ಟು? ಭೂಮಿ ಯಾರದು? ಗೌಡನಿಗೂ ಅವನ ಗೇಣಿದಾರನಿಗೂ ಜವಾಬ್ದಾರಿ ಸರ್ಕಾರ ಎಂದರೆ ಒಂದೇ ಅರ್ಥವೇ? ಎಲ್ಲಕ್ಕೂ ಒಂದೇ ಉತ್ತರ: ಮೊದಲು ಇದು ಆಗಲಿ, ಆಮೇಲೆ ನೋಡೋಣ. ಮದುವೆಯ ಗಡಿಬಿಡಿಯಲ್ಲಿ ಪಾಲುಪಟ್ಟಿಯ ಮಾತು ಎತ್ತಬಾರದು ಎಂದು ಹಿರಿಯರು ಹೇಳುವುದಿಲ್ಲವೇ, ಹಾಗೆ. ಎತ್ತದ ಮಾತು ಹಾಗೇ ಉಳಿದಿತ್ತು.

3. ತಪ್ಪು ಕಲ್ಪನೆ: ಜೈಲು ಕಂಡು ಬಂದವರು ಇನ್ನೊಬ್ಬ ಹೋರಾಟಗಾರನನ್ನು ಜೈಲಿಗೆ ಹಾಕುವವರಲ್ಲ.

ವಾಸ್ತವ: ಹಾಕಿದರು, ನಾಲ್ಕು ವರ್ಷವೂ ಕಾಯಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ಸತ್ಯಾಗ್ರಹ ಹೂಡಿದರು. ಶುರು ಮಾಡಿದವರು ಎಚ್. ಗಣಪತಿಯಪ್ಪ, ಬೆಂಬಲಕ್ಕೆ ನಿಂತದ್ದು ಸಮಾಜವಾದಿ ಪಕ್ಷ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ಕಂಡಿದ್ದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳಾದರು. ಬ್ರಿಟಿಷರ ಜೈಲಿನಲ್ಲಿ ಚಿತ್ರಹಿಂಸೆ ಉಂಡು ಬಂದಿದ್ದ ರಾಮಮನೋಹರ ಲೋಹಿಯಾ ಜೂನ್‌ನಲ್ಲಿ ಅಲ್ಲಿಗೆ ಬಂದರು. ಅವರನ್ನು ಬಂಧಿಸಿದ್ದು ಅರಮನೆ ಸತ್ಯಾಗ್ರಹದಿಂದ ಹುಟ್ಟಿದ್ದ ಕೆ.ಸಿ. ರೆಡ್ಡಿಯವರ ಸರ್ಕಾರ.

ಇದರಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಕಾಣುವುದು ಜಾಗ ಬದಲಾದದ್ದು. ಸತ್ಯಾಗ್ರಹಿಯಾಗಿದ್ದಾಗ ಕಾನೂನು ಮುರಿಯುವುದು ಧರ್ಮ. ಸರ್ಕಾರವಾದ ಮೇಲೆ ಕಾನೂನು ಕಾಯುವುದು ಧರ್ಮ. ಠಾಣೆ ಅದೇ, ದಫೇದಾರ ಅವನೇ, ದಿವಾನರ ಕಾಲದ ಪುಸ್ತಕವೂ ಅದೇ. ಒಳಗೆ ಕೂತವರು ಹೊಸಬರು. ಹೊರಗೆ ಉಳಿದ ಹಳೆಯ ಗೆಳೆಯನ ಕೂಗು ಅವರ ಕಿವಿಗೆ ಗಲಾಟೆಯಾಗಿ ಕೇಳತೊಡಗಿತು. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಕಾಂಗ್ರೆಸ್ಸಿನ ಎದುರು ಗೆದ್ದು ವಿಧಾನಸಭೆಗೆ ಬಂದರು. ಕಾಗೋಡಿನ ಉತ್ತರ ಅದು.

4. ತಪ್ಪು ಕಲ್ಪನೆ: ಸ್ವಾತಂತ್ರ್ಯದ ಬಿಸಿ ಆರುವ ತನಕವಾದರೂ ಕಾಂಗ್ರೆಸ್ಸಿಗೆ ಇಲ್ಲಿ ಎದುರಾಳಿಯೇ ಇರಲಿಲ್ಲ.

ವಾಸ್ತವ: 1952ರ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್ಸು ವಿಧಾನಸಭೆಯನ್ನು ಸುಲಭವಾಗಿ ಗೆದ್ದಿತು. ಹುಣಸೂರಿನಿಂದ ಗೆದ್ದ ಕಾಂಗ್ರೆಸ್ಸಿಗರು ದೇವರಾಜ ಅರಸು. ಆದರೆ ಅದೇ ಚುನಾವಣೆಯಲ್ಲಿ, ಇಬ್ಬರನ್ನು ಆರಿಸುವ ಮೈಸೂರು ಲೋಕಸಭಾ ಕ್ಷೇತ್ರದಿಂದ ಒಬ್ಬರು ಕಾಂಗ್ರೆಸ್ಸಿನವರು ಗೆದ್ದರೆ, ಇನ್ನೊಬ್ಬರು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ. ಆ ಪಕ್ಷವೇನು ಹೊರಗಿನದೇ? ದೇಶ ಸ್ವತಂತ್ರವಾದಾಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಆಚಾರ್ಯ ಕೃಪಲಾನಿಯವರೇ 1951ರಲ್ಲಿ ಹೊರಬಂದು ಕಟ್ಟಿದ್ದು.

ಗುರುಪಾದಸ್ವಾಮಿಯವರ ಮುಂದಿನ ದಾರಿ ನೋಡಿ. ಮುಂದೆ ಕಾಂಗ್ರೆಸ್ಸಿಗೆ ಬಂದು ಕೇಂದ್ರದಲ್ಲಿ ಮಂತ್ರಿ, 1969ರ ಒಡಕಿನಲ್ಲಿ ಇಂದಿರಾ ಗಾಂಧಿಯವರ ಎದುರು ಬಣ, 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಮತ್ತೆ ಮಂತ್ರಿ. ಒಬ್ಬರ ಬದುಕಿನಲ್ಲೇ ಇಷ್ಟು ಬಾಗಿಲು. ಇದನ್ನೆಲ್ಲ ‘ಪಕ್ಷಾಂತರ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಕತೆ ಅರ್ಥವಾಗುವುದಿಲ್ಲ. ಹಳೆಯ ಕಾಂಗ್ರೆಸ್ಸು ಒಂದು ಪಕ್ಷವಾಗಿರಲಿಲ್ಲ, ಹತ್ತು ದಿಕ್ಕಿನಿಂದ ಬಂದವರು ಸೇರಿದ ಜಾತ್ರೆಯಾಗಿತ್ತು. ತೇರು ನೆಲೆಗೆ ಬಂದ ಮೇಲೆ ಅವರವರ ಊರಿನ ದಾರಿ ಅವರವರು ಹಿಡಿಯಲೇಬೇಕಿತ್ತು.

5. ತಪ್ಪು ಕಲ್ಪನೆ: ಕೆಂಗಲ್ ಹನುಮಂತಯ್ಯ ಮತ್ತು ಅವರ ಜೊತೆಗಾರರ ಜಗಳ ಬರೀ ಹೊಟ್ಟೆಕಿಚ್ಚಿನದು.

ವಾಸ್ತವ: ಹೊಟ್ಟೆಕಿಚ್ಚು ಇರಲಿಲ್ಲ ಎಂದು ಯಾರೂ ಆಣೆ ಮಾಡಲಾರರು. ಆದರೆ ಅದಕ್ಕೆ ತಿದಿ ಒತ್ತಿದ್ದು ಬೇರೆ. ಚಳವಳಿಯಲ್ಲಿ ಎಷ್ಟು ಜನರಿಗಾದರೂ ಜಾಗವಿರುತ್ತದೆ. ಜೈಲಿಗೆ ಹೋಗಲು ಟಿಕೆಟ್ ಬೇಕಿಲ್ಲ. ಮಂತ್ರಿಮಂಡಲದಲ್ಲಿ ಮಾತ್ರ ಬೆರಳೆಣಿಕೆಯ ಜಾಗ. ಹೊರಗುಳಿದವರಿಗೆ ಪಕ್ಷವೇ ಆಸರೆ. ಹೀಗೆ ಒಂದೇ ಮನೆಯೊಳಗೆ ಸರ್ಕಾರ ನಡೆಸುವವರು, ಪಕ್ಷ ನಡೆಸುವವರು ಎಂದು ಎರಡು ಒಲೆ ಹೊತ್ತಿಕೊಂಡವು. ಈ ತಿಕ್ಕಾಟದಿಂದಲೇ ಮೇಲೆ ಬಂದ ಹನುಮಂತಯ್ಯನವರು 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ಮುಂದೆ ಅದೇ ಬಗೆಯ ತಿಕ್ಕಾಟ ಅವರ ಬುಡಕ್ಕೂ ಬಂತು.

ಆಗ ಎದ್ದ ದೊಡ್ಡ ಪ್ರಶ್ನೆ ಏಕೀಕರಣ. ಹೈದರಾಬಾದು, ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳು ಸೇರಿದರೆ ಹಳೆ ಮೈಸೂರಿನ ತೂಕ ಇಳಿಯುತ್ತದೆ ಎಂಬ ಹೆದರಿಕೆ ಈ ಭಾಗದ ಹಲವು ಹಿರಿಯ ಕಾಂಗ್ರೆಸ್ಸಿಗರಲ್ಲಿ ಗಟ್ಟಿಯಾಗಿತ್ತು. ನಮ್ಮ ಕಟ್ಟೆ ನೀರು, ನಮ್ಮ ಕರೆಂಟು, ನಮ್ಮ ವಿಶ್ವವಿದ್ಯಾನಿಲಯ ಎಲ್ಲದಕ್ಕೂ ಪಾಲುದಾರರು ಬರುತ್ತಾರೆ ಎಂಬ ಲೆಕ್ಕ. ಹನುಮಂತಯ್ಯ ಏಕೀಕರಣದ ಕಡೆ ನಿಂತರು. ಕನ್ನಡಿಗರೆಲ್ಲ ಒಂದು ರಾಜ್ಯವಾಗಲು ತಿಂಗಳುಗಳಷ್ಟೇ ಉಳಿದಿದ್ದಾಗ, 1956ರ ಆಗಸ್ಟ್‌ನಲ್ಲಿ, ಸ್ವಂತ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ಇಳಿದರು. ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣ ತೆಗೆದುಕೊಂಡವರು ಎಸ್. ನಿಜಲಿಂಗಪ್ಪ. ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಖರ್ಚಿನ ಮೇಲೆ ವಿಚಾರಣೆಯೂ ನಡೆಯಿತು.

ಕಟ್ಟಿದವನೊಬ್ಬ, ಗೃಹಪ್ರವೇಶ ಮಾಡಿದವನಿನ್ನೊಬ್ಬ. ಕನ್ನಡನಾಡಿನ ಭೂಪಟ ಹೇಗಿರಬೇಕು ಎಂಬುದನ್ನೂ ಹೋರಾಟದ ದಿನಗಳಲ್ಲಿ ‘ಆಮೇಲೆ’ ಎಂದು ಬದಿಗಿಟ್ಟಿದ್ದರಲ್ಲ, ಅದರ ಬಾಕಿ ಇದು.

6. ತಪ್ಪು ಕಲ್ಪನೆ: ಎಲ್ಲ ಜಾತಿ ಕಣಪ್ಪ. ಜಾತಿ ತಿಳಿದರೆ ಯಾರು ಯಾರ ಕಡೆ ಅಂತ ಹೇಳಿಬಿಡಬಹುದು.

ವಾಸ್ತವ: ಜಾತಿಯ ಲೆಕ್ಕ ಹಾಕದೆ ಆ ಕಾಲದ ಯಾವ ಮಂತ್ರಿಮಂಡಲವೂ ಆಗಲಿಲ್ಲ. ಆದರೂ ಜಾತಿಯ ಕೀಲಿಕೈ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ಏಕೀಕರಣವಾದರೆ ಒಕ್ಕಲಿಗರ ಬಲ ಕುಗ್ಗುತ್ತದೆ ಎಂದು ಗೊತ್ತಿದ್ದೂ ಅದಕ್ಕೆ ದುಡಿದ ಹನುಮಂತಯ್ಯ ಒಕ್ಕಲಿಗರು. ಅವರು ಇಳಿದಾಗ ಆ ಜಾಗಕ್ಕೆ ಬಂದ ಕಡಿದಾಳ್ ಮಂಜಪ್ಪನವರೂ ಒಕ್ಕಲಿಗರು. 1958ರಲ್ಲಿ ಇಳಿದ ನಿಜಲಿಂಗಪ್ಪ, ಅವರ ಬದಲಿಗೆ ಬಂದ ಬಿ.ಡಿ. ಜತ್ತಿ ಇಬ್ಬರೂ ಲಿಂಗಾಯತರು. ಜಗಳ ಒಂದೇ ಅಂಗಳದಲ್ಲೇ ನಡೆಯಿತು.

ಇನ್ನು ದೇವರಾಜ ಅರಸು. ಅರಮನೆಯ ಬೀಗರ ಕುಲ ಎಂದೇ ಹೆಸರಾದ ಅರಸು ಸಮುದಾಯದವರು. ಕುಲದ ಲೆಕ್ಕದಲ್ಲಿ ಹೇಳುವುದಾದರೆ ಅವರು ಮಹಾರಾಜರ ಪಕ್ಕ ನಿಲ್ಲಬೇಕಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಬಿ.ಎಸ್ಸಿ. ಓದಿ, ಊರಿಗೆ ಮರಳಿ ಬೇಸಾಯಕ್ಕೆ ಇಳಿದ ಆ ಮನುಷ್ಯ 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದದ್ದು ಕಾಂಗ್ರೆಸ್ಸಿಗರಾಗಿ. ಅವರ ಕುಲದ ಜನ ಕೈಯ ಬೆರಳಲ್ಲಿ ಎಣಿಸುವಷ್ಟು. ಅಂಥವರು ಎಂಟು ವರ್ಷದ ಹತ್ತಿರ ಮುಖ್ಯಮಂತ್ರಿಯಾಗಿದ್ದುದನ್ನು ಯಾವ ಜಾತಿಗಣಿತ ಬಿಡಿಸಿ ಹೇಳುತ್ತದೆ?

7. ತಪ್ಪು ಕಲ್ಪನೆ: 1969ರ ಒಡಕು ದಿಲ್ಲಿಯಿಂದ ಬಂದ ರೋಗ. ಇಲ್ಲಿ ಎಲ್ಲ ಚೆನ್ನಾಗಿತ್ತು. ಅರಸು ಹಿರಿಯರಿಗೆ ತಿರುಗಿಬಿದ್ದರು.

ವಾಸ್ತವ: ದಿಲ್ಲಿಯಿಂದ ಬಂದದ್ದು ಬೆಂಕಿಕಡ್ಡಿ. ಹುಲ್ಲು ಇಲ್ಲಿಯೇ ಒಣಗಿತ್ತು. ಆ ಕಡ್ಡಿ ಗೀರಿದ ಕೈಗಳಲ್ಲಿ ಒಂದು ಕರ್ನಾಟಕದ್ದೇ ಎಂಬುದನ್ನೂ ಮರೆಯಬಾರದು: 1969ರ ನವೆಂಬರ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಾಂಗ್ರೆಸ್ಸಿನಿಂದ ಹೊರಹಾಕಿದ ಅಧ್ಯಕ್ಷರು ಚಿತ್ರದುರ್ಗ ಸೀಮೆಯ ನಿಜಲಿಂಗಪ್ಪ. ಚಳವಳಿಯ ಕಾಲದಲ್ಲಿ ತುರುವನೂರಿನ ಈಚಲು ಮರದ ಸತ್ಯಾಗ್ರಹಕ್ಕೆ ಮುಂದಾಳಾಗಿದ್ದವರು.

ಅರಸು ಇದೇ ನಿಜಲಿಂಗಪ್ಪನವರ ಕೈಕೆಳಗೆ ಮಂತ್ರಿಯಾಗಿ ದುಡಿದವರು. 1968ರಲ್ಲಿ ನಿಜಲಿಂಗಪ್ಪನವರು ದಿಲ್ಲಿಗೆ ಹೋದಾಗ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಹೊಸ ಮಂತ್ರಿಮಂಡಲದಲ್ಲಿ ಅರಸರಿಗೆ ಜಾಗ ಸಿಗಲಿಲ್ಲ. ಮೂರು ದಶಕದ ಹತ್ತಿರ ಸಾರ್ವಜನಿಕ ಜೀವನದಲ್ಲಿದ್ದವರನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಮರುವರ್ಷ ಪಕ್ಷ ಒಡೆದಾಗ ರಾಜ್ಯದ ದೊಡ್ಡ ತಲೆಗಳೆಲ್ಲ ನಿಜಲಿಂಗಪ್ಪನವರ ಕಡೆ. ಅರಸು ಇಂದಿರಾ ಕಡೆ. ಜೊತೆಗಿದ್ದವರು ಕೆಲವೇ ಶಾಸಕರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನವೂ ಈ ಸಣ್ಣ ಬಣದ ಪಾಲಾಯಿತು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು.

ಎಂಟು ವರ್ಷದೊಳಗೆ ಚಕ್ರ ಅವರ ಮೇಲೆಯೇ ತಿರುಗಿತು. 1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕೊಟ್ಟ ಅರಸರನ್ನು 1979ರ ಜೂನ್‌ನಲ್ಲಿ ಪಕ್ಷದಿಂದ ಹೊರಹಾಕಲಾಯಿತು. ಎಚ್.ಡಿ. ಕೋಟೆಯ ಹಿರಿಯರಿಗೆ ಕಾಕನಕೋಟೆಯ ಖೆಡ್ಡಾ ನೆನಪಿರಬಹುದು. ಕಾಡಾನೆಯನ್ನು ಕಟ್ಟಿಹಾಕಲು ಪಳಗಿದ ಆನೆಯನ್ನೇ ಬಿಡುತ್ತಿದ್ದರು. ಅರಸರ ಎದುರಿಗೆ ನಿಂತವರೂ ಅವರದೇ ಮಂತ್ರಿಮಂಡಲದಲ್ಲಿದ್ದವರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅರಸರ ಪಕ್ಷ ನೆಲಕಚ್ಚಿತು. ಜೊತೆಗಿದ್ದ ಶಾಸಕರು ರಾತ್ರೋರಾತ್ರಿ ಆಚೆ ದಡ ಸೇರಿದರು. ಅವರ ಕುರ್ಚಿಗೆ ಬಂದವರು, ಪಿರಿಯಾಪಟ್ಟಣದ ಗಡಿಯಾಚೆಯ ಕೊಡಗಿನಿಂದ ಬೆಳೆದು, ಅವರ ಸಂಪುಟದಲ್ಲೇ ಮಂತ್ರಿಯಾಗಿದ್ದ ಆರ್. ಗುಂಡೂರಾವ್.

ಅರಸರನ್ನು ದ್ರೋಹಿ ಎನ್ನುವವರು 1969 ನೋಡುತ್ತಾರೆ. ದ್ರೋಹಕ್ಕೆ ಒಳಗಾದವರು ಎನ್ನುವವರು 1979 ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟರೆ ಎರಡು ಪದವೂ ಹಗುರವಾಗುತ್ತವೆ.

8. ತಪ್ಪು ಕಲ್ಪನೆ: ಒಮ್ಮೆ ವೈರಿಗಳಾದರೆ ಮುಗಿಯಿತು. ಬೇರೆ ದೇಶಗಳಲ್ಲಿ ಹೀಗೆಲ್ಲ ಆಗುವುದಿಲ್ಲ.

ವಾಸ್ತವ: ಇಲ್ಲಿನ ವೈರಕ್ಕೆ ಆಯುಸ್ಸು ಕಡಿಮೆ. ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ನಿಂತು ಸೋತ ವೀರೇಂದ್ರ ಪಾಟೀಲರು 1980ರಲ್ಲಿ ಅವರದೇ ಸಂಪುಟದಲ್ಲಿ ಮಂತ್ರಿ. 1956ರಲ್ಲಿ ಪಕ್ಷದವರೇ ಇಳಿಸಿದ ಹನುಮಂತಯ್ಯ ಮುಂದೆ ಕೇಂದ್ರದಲ್ಲಿ ರೈಲ್ವೆ ಮಂತ್ರಿ. ಅರಸು 1982ರ ಜೂನ್ 6ರಂದು ತೀರಿಕೊಂಡರು. ಅವರು ಕಟ್ಟಿದ ಕ್ರಾಂತಿರಂಗ 1983ರಲ್ಲಿ ಹಳೆಯ ಎದುರಾಳಿಗಳಿದ್ದ ಜನತಾ ಪಕ್ಷದ ಕೈಹಿಡಿದು ಕಾಂಗ್ರೆಸ್ಸನ್ನು ರಾಜ್ಯದಲ್ಲಿ ಮೊದಲ ಸಲ ಅಧಿಕಾರದಿಂದ ಇಳಿಸಿತು.

ಹೊರಗೆ ಹೀಗಿರಲಿಲ್ಲ. ಐರ್ಲೆಂಡಿನಲ್ಲಿ ಬ್ರಿಟನ್ನಿನ ಜೊತೆ 1921ರ ಡಿಸೆಂಬರ್‌ನಲ್ಲಿ ಆದ ಒಪ್ಪಂದಕ್ಕೆ ಸಹಿ ಹಾಕಿದ ಮೈಕೆಲ್ ಕಾಲಿನ್ಸ್‌ರನ್ನು ಒಪ್ಪಂದ ಒಪ್ಪದ ಹಳೆಯ ಜೊತೆಗಾರರ ಪಡೆ 1922ರ ಆಗಸ್ಟ್ 22ರಂದು ಹೊಂಚುಹಾಕಿ ಕೊಂದಿತು. ಆ ಅಂತರ್ಯುದ್ಧದ ಎರಡು ಬಣಗಳಿಂದ ಬೆಳೆದ ಎರಡು ಪಕ್ಷಗಳು ಒಂದೇ ಸರ್ಕಾರದಲ್ಲಿ ಕೂರಲು 2020 ಬರಬೇಕಾಯಿತು. ಬರ್ಮಾದಲ್ಲಿ ಸ್ವಾತಂತ್ರ್ಯದ ಮಾತುಕತೆಗೆ ಆಂಗ್ ಸಾನ್ ಜೊತೆ ಲಂಡನ್ನಿಗೆ ಹೋಗಿದ್ದ ಊ ಸಾ, ಆರೇ ತಿಂಗಳಲ್ಲಿ, 1947ರ ಜುಲೈ 19ರಂದು, ಅವರನ್ನು ಕೊಲ್ಲಿಸಿದ. ಜಿಂಬಾಬ್ವೆಯಲ್ಲಿ ಬಿಳಿಯರ ಆಳ್ವಿಕೆಯ ಎದುರು ಒಂದೇ ರಂಗದಲ್ಲಿ ನಿಂತು ಮಾತುಕತೆ ನಡೆಸಿದ ಮುಗಾಬೆ ಮತ್ತು ಎನ್‌ಕೋಮೊ ಬೇರೆಯಾದಾಗ, 1983ರಿಂದ ಮಟಬೆಲೆಲ್ಯಾಂಡಿನ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತರು. ರಾಜಿಯಾದದ್ದು 1987ರಲ್ಲಿ.

ನಮ್ಮವರು ಅವರಿಗಿಂತ ಒಳ್ಳೆಯವರೆಂದು ಬೀಗಬೇಕಿಲ್ಲ. ಇಲ್ಲಿನ ಚಳವಳಿಯ ಕೈಯಲ್ಲಿ ಇದ್ದದ್ದು ಬಾವುಟ ಮತ್ತು ಚರಕ. ಗೆಳೆತನ ಮುರಿದ ದಿನ ತಿರುಗಿಸಲು ಬಂದೂಕು ಇರಲಿಲ್ಲ. ಎರಡನೆಯದು, 1881ರಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಶುರುವಾದಂದಿನಿಂದ ಸಭೆಯಲ್ಲಿ ಎದ್ದು ನಿಂತು ಜಗಳವಾಡುವ ಅಭ್ಯಾಸ ಮೈಸೂರಿಗೆ ಇತ್ತು. ಆ ಸಭೆಗೆ ಅಧಿಕಾರವಿರಲಿಲ್ಲ, ಮಾತಿತ್ತು. ಮಾತಿಗೆ ಜಾಗವಿದ್ದ ಕಡೆ ಮಚ್ಚು ತಡವಾಗಿ ಹೊರಬರುತ್ತದೆ.

ಈ ಪಾಠ ಓದಲು ದೂರ ಹೋಗಬೇಕಾಗಿಯೂ ಇಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರ ಎರಡೂ ಕಡೆ ಟಿಬೆಟನ್ನರ ನೆಲೆಗಳಿವೆ. ಬೈಲುಕುಪ್ಪೆಗೆ ಅವರು ಬಂದು ಆರು ದಶಕ ದಾಟಿತು. ಹೊರಗಿನವರ ಕಣ್ಣಿಗೆ ಅವರೆಲ್ಲರದೂ ಒಂದೇ ಮಾತು. ಒಳಗೆ ಎರಡು ದಾರಿ ಇದೆ: ಚೀನಾದೊಳಗೇ ನಿಜವಾದ ಸ್ವಾಯತ್ತತೆ ಸಾಕು ಎನ್ನುವ ದಲೈ ಲಾಮಾ ಅವರ ‘ಉಮೇಲಂ’, ಅಂದರೆ ಮಧ್ಯಮ ಮಾರ್ಗ, ಪೂರ್ಣ ಸ್ವಾತಂತ್ರ್ಯವೇ ಬೇಕು ಎನ್ನುವ ‘ರಂಗ್‌ಜೆನ್’. 1970ರಲ್ಲಿ ಹುಟ್ಟಿದ ಟಿಬೆಟನ್ ಯುವ ಕಾಂಗ್ರೆಸ್ ಎರಡನೆಯದನ್ನು ಬಿಟ್ಟುಕೊಟ್ಟಿಲ್ಲ. ಗುರುವಿನ ಮೇಲೆ ಭಕ್ತಿ, ದಾರಿಯ ಬಗ್ಗೆ ಭಿನ್ನಮತ ಎರಡನ್ನೂ ಒಟ್ಟಿಗೆ ಹೊತ್ತು ನಡೆಯುವುದು ಎಷ್ಟು ಕಷ್ಟ ಎಂಬುದು ನಮ್ಮ ಮುಸುಕಿನ ಜೋಳದ ಹೊಲದ ಬದುವಿನಾಚೆಯೇ ನಡೆಯುತ್ತಿರುವ ಕತೆ. ಅವರು ಆ ಜಗಳವನ್ನು ಮುಂದೂಡದೆ, ದೇಶ ಕೈಗೆ ಬರುವ ಮೊದಲೇ, ತಮ್ಮ ನಾಯಕನನ್ನು ಮತ ಹಾಕಿ ಆರಿಸುತ್ತಲೇ ಆಡುತ್ತಿದ್ದಾರೆ.

9. ತಪ್ಪು ಕಲ್ಪನೆ: ಅವರವರ ಕಚ್ಚಾಟದಲ್ಲಿ ಬಡವರಿಗೆ ಸಿಕ್ಕಿದ್ದು ಸೊನ್ನೆ.

ವಾಸ್ತವ: ಈ ಮಾತನ್ನು 1974ರ ಮೇಲೆ ಪಹಣಿಯಲ್ಲಿ ಹೆಸರು ಬಂದ ಗೇಣಿದಾರನ ಮೊಮ್ಮಕ್ಕಳ ಎದುರು ಆಡಿ ನೋಡಿ. ಭೂಸುಧಾರಣೆ ಕಾಯ್ದೆ ಎಂಬುದು 1961ರಿಂದಲೂ ಇತ್ತು. ಆದರೆ ಜಮೀನಿದ್ದವರೇ ತುಂಬಿದ್ದ ಪಕ್ಷಕ್ಕೆ ಅದನ್ನು ನಡೆಸುವ ಅವಸರವಿರಲಿಲ್ಲ. 1969ರಲ್ಲಿ ಆ ದೊಡ್ಡ ಕುಳಗಳು ಆಚೆ ಹೋದದ್ದರಿಂದಲೇ ಅರಸರ ಕೈ ಬಿಡುವಾಯಿತು. ಹಳೆಯ ನೆಂಟರಿಲ್ಲದ ಅವರಿಗೆ ಹೊಸ ನೆಂಟರು ಬೇಕಿದ್ದರು: ಗೇಣಿದಾರರು, ಹಿಂದುಳಿದವರು, ದಲಿತರು. 1972ರಲ್ಲಿ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ಬಂತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗುವಂಥ ತಿದ್ದುಪಡಿ ಜಾರಿಗೆ ಬಂತು. ತಾಲ್ಲೂಕಿನಲ್ಲಿ ಭೂನ್ಯಾಯ ಮಂಡಳಿ. ಏಳನೇ ನಂಬರ್ ಫಾರಂ ತುಂಬಿ ಅರ್ಜಿ ಹಾಕಬೇಕು. ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಸಾಹುಕಾರನ ಎದುರು ನಿಂತು ಗೇಣಿದಾರ ತನ್ನ ಬಾಯಲ್ಲೇ ‘ಈ ಹೊಲ ಉತ್ತವನು ನಾನು’ ಎನ್ನಬೇಕಿತ್ತು. ಎಚ್.ಡಿ. ಕೋಟೆಯಂಥ ಕಡೆ ತಲೆಮಾರುಗಳಿಂದ ಬೇರೂರಿದ್ದ ಜೀತಕ್ಕೂ ಕಾನೂನಿನ ನಿಷೇಧ ಬಂದದ್ದು ಆ ವರ್ಷಗಳಲ್ಲೇ, 1975–76ರಲ್ಲಿ.

ಎಲ್ಲರಿಗೂ ಸಿಗಲಿಲ್ಲ. ಅರ್ಜಿ ಹಾಕಲು ಹೆದರಿದವರಿದ್ದರು. ಗೇಣಿಯ ಚೀಟಿಯೇ ಇಲ್ಲದ ಕೂಲಿಯವರಿಗೆ ಆ ಫಾರಂ ಕಾಗದವಷ್ಟೇ. ಆದರೂ ಕಾಗೋಡಿನಲ್ಲಿ ಜೈಲಿಗೆ ಹೋದ ಬೇಡಿಕೆ ಇಪ್ಪತ್ತಮೂರು ವರ್ಷದ ಮೇಲೆ ಕಾನೂನಾಗಿ ಬಂತು. ತಂದವನು ಆಗ ಜೈಲಿಗೆ ಹಾಕಿದ ಪಕ್ಷದವನೇ. ಆ ಪಕ್ಷ ಒಡೆಯದೆ ಒಂದಾಗಿಯೇ ಉಳಿದಿದ್ದರೆ ಅದು ಆಗುತ್ತಿತ್ತೇ ಎಂಬುದು ಅನುಮಾನ.

ಆಗಸ್ಟ್ 15ಕ್ಕೂ 20ಕ್ಕೂ ನಡುವಿನ ಐದು ದಿನದಲ್ಲಿ ಏನಾಯಿತು ಎಂದು ಈಗ ಒಂದು ಮಗು ಕೇಳಿದರೆ ಹೇಳಲು ಉತ್ತರವಿದೆ. ಜೊತೆಗಾರರನ್ನು ವೈರಿಗಳನ್ನಾಗಿ ಮಾಡಿದ್ದು ಸ್ವಾತಂತ್ರ್ಯವಲ್ಲ. ಒಂದಾಗಿರಬೇಕೆಂದು ಬಾಯಿಬಿಡದೆ ಗಂಟುಕಟ್ಟಿ ಅಟ್ಟಕ್ಕೆ ಎಸೆದ ಪ್ರಶ್ನೆಗಳಿದ್ದವಲ್ಲ, ನೌಕರಿಯದು, ನೆಲದ್ದು, ಗಡಿಯದು, ಅವು ಒಂದೊಂದಾಗಿ ಕೆಳಗಿಳಿದವು. ಇಳಿದಾಗ ಯಾರ ತಲೆಯ ಮೇಲೆ ಬಿದ್ದವೋ ಅವರು ಒಬ್ಬರನ್ನೊಬ್ಬರು ದ್ರೋಹಿ ಎಂದರು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಹದಿನೇಳು ವರ್ಷದ ಹಿಂದೆ, ಏಕೀಕರಣದ ಹೆದರಿಕೆಯ ನಡುವೆ, ಹಳೆ ಮೈಸೂರಿನ ಶಾಸಕರು ತಮ್ಮವನೇ ಆದ ಮುಖ್ಯಮಂತ್ರಿಯನ್ನು ಇಳಿಸಿದ್ದರು. ಈಗ ಆ ಹಳೆಯ ಹೆಸರನ್ನು ಬಿಟ್ಟುಕೊಟ್ಟ ಸರ್ಕಾರದ ಮುಖ್ಯಸ್ಥ ಹಳೆ ಮೈಸೂರಿನವನೇ, ಅರಮನೆಯ ಬೀಗರ ಕುಲದವನೇ, ಹುಣಸೂರಿನವನೇ. 20ರ ಭಾಷಣದಲ್ಲಿ ಇದಿಷ್ಟನ್ನು ಸೇರಿಸಿದರೆ ಸಾಕು, 15ರ ಭಾಷಣ ತಾನಾಗಿಯೇ ಸರಿಹೋಗುತ್ತದೆ.